ಅಟ್ಲಾಂಟಿಕ್ ಮಹಾಸಾಗರದ ಯಾತ್ರಾನೌಕೆಗಳೂ ಅವುಗಳ ಪೋಷಕರೂ

೧

ಕಳೆದ ಎರಡು ಶತಮಾನಗಳ ನೌಕಾಚರಿತ್ರೆಯಲ್ಲಿ, ಯೂರೋಪಿಗೂ ಅಮೆರಿಕಕ್ಕೂ ನಡುವೆ ಅಟ್ಲಾಂಟಿಕ್ ಮಹಾಸಾಗರವನ್ನು ದಾಟುತ್ತಿದ್ದ ಪ್ರಯಾಣದ ಹಡಗುಗಳಷ್ಟು ಹೆಸರಾದುವು ಬೇರೆ ಇಲ್ಲ. ಅವುಗಳ ಉದ್ದಗಲ, ವೇಗ, ಭೋಜನಶಾಲೆಗಳ ಶೃಂಗಾರ, ಅವುಗಳಲ್ಲಿ ಪ್ರಯಾಣಮಾಡಿದ ಧನಿಕರ ಮತ್ತು ರಾಜಪುರುಷರ ಹೆಸರುಗಳು ಇವನ್ನು ವರ್ಣಿಸುವ ಗ್ರಂಥಗಳು ಬಹಳವಾಗಿವೆ. ಇಂಥ ವರ್ಣನೆಗಳನ್ನು ಓದಿದವರಿಗೆ ಆ ನೌಕೆಗಳು ಸಿರಿವಂತರ ಸುಖಕ್ಕಾಗಿಯೇ ಹುಟ್ಟಿ, ಅವರ ಹಣದಿಂದಲೇ ಬಾಳಿದುವೆಂಬ ಭಾವನೆ ಉಂಟಾಗುವುದು ಸಹಜ. ವ್ಯಾಪಾರದ ಲೆಕ್ಕ ಹೇಳುವ ಕಥೆ ಬೇರೆ. ಅಂಚೆಯ ಚೀಲ, ಕೆಳದರ್ಜೆಯ ವಲಸೆಗಾರ, ರಾಜ್ಯದ ಬೊಕ್ಕಸ ಈ ಮೂರು ಆ ಹಡಗುಗಳ ನಿಜವಾದ ಪೋಷಕರು. ಇವುಗಳಲ್ಲಿ ಯಾವುದು ಯಾವಾಗ ಕೈಕೊಟ್ಟಿತೆಂಬುದನ್ನು ನೋಡಿದರೆ ಯಾತ್ರಾನೌಕೆಯು ವಿಹಾರನೌಕೆಯಾಗಿ ಮಾರ್ಪಟ್ಟ ಬಗೆಯೂ ತಾನಾಗಿ ತಿಳಿಯುತ್ತದೆ.

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನಲ್ಲಿ ಈ ಹಡಗುಗಳಿಗೆ ‘ಲೈನರ್’ ಎಂದು ಹೆಸರು. ಗೊತ್ತಾದ ರೇವುಗಳ ನಡುವೆ, ಗೊತ್ತಾದ ದಿನಗಳಲ್ಲಿ, ಒಂದು ಸಾಲಿಗೆ ಸೇರಿ ಹೋಗಿಬರುವ ಹಡಗೆಂದು ಅದರ ಅರ್ಥ. ಗಾತ್ರವಾಗಲಿ ವೈಭವವಾಗಲಿ ಆ ಪದದಲ್ಲಿ ಅಡಗಿಲ್ಲ. ಕನ್ನಡದಲ್ಲಿ ಇದನ್ನು ನಿಯತನೌಕೆಯೆನ್ನಬಹುದು. ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ಹಡಗಿನ ಯಜಮಾನನು ಸರಕು ತುಂಬಿದ ಮೇಲೆ, ಗಾಳಿ ಅನುಕೂಲವಾದ ಮೇಲೆ ಹೊರಡುತ್ತಿದ್ದನು. ಪ್ರಯಾಣಿಕನು ರೇವಿನಲ್ಲಿ ದಿನಗಟ್ಟಲೆ ಕಾದಿರಬೇಕಾಗಿತ್ತು. ೧೮೧೮ನೆಯ ಜನವರಿ ೫ರಂದು ‘ಬ್ಲಾಕ್ ಬಾಲ್’ ಸಾಲಿನ ‘ಜೇಮ್ಸ್ ಮನ್ರೋ’ ಎಂಬ ಹಾಯಿಹಡಗು, ಮುಂಚಿತವಾಗಿ ಸಾರಿದ್ದ ದಿನದಲ್ಲಿಯೇ, ಹಿಮ ಸುರಿಯುತ್ತಿದ್ದರೂ ನಿಲ್ಲದೆ, ನ್ಯೂಯಾರ್ಕಿನಿಂದ ಲಿವರ್‌ಪೂಲಿಗೆ ಹೊರಟಿತು. ನಿಯತನೌಕೆಯ ಚರಿತ್ರೆ ಇಲ್ಲಿಂದ ಮೊದಲಾಗುತ್ತದೆ. ಹೊರಡುವ ದಿನ ಮನುಷ್ಯನ ಕೈಗೆ ಬಂದಿತು. ಸೇರುವ ದಿನ ಮಾತ್ರ ಗಾಳಿಯ ಕೈಯಲ್ಲಿಯೇ ಉಳಿಯಿತು. ಪೂರ್ವಕ್ಕೆ ಹೋಗಲು ಮೂರು ನಾಲ್ಕು ವಾರ, ಗಾಳಿಗೆ ಎದುರಾಗಿ ಪಶ್ಚಿಮಕ್ಕೆ ಬರಲು ಐದಾರು ವಾರ ಹಿಡಿಯುತ್ತಿದ್ದುವು.

೨

ಸೇರುವ ದಿನವನ್ನೂ ಗೊತ್ತುಮಾಡಿದುದು ಉಗಿಯಂತ್ರ. ಆದರೆ ಅಟ್ಲಾಂಟಿಕ್ಕನ್ನು ದಾಟಲು ಬೇಕಾದಷ್ಟು ಕಲ್ಲಿದ್ದಲನ್ನು ಹಡಗು ಹೊತ್ತರೆ ಬೇರೆ ಯಾವುದಕ್ಕೂ ಸ್ಥಳವಿರುವುದಿಲ್ಲವೆಂದು ಬಹುಮಂದಿ ಆಗ ತಿಳಿದಿದ್ದರು. ಈ ಸಂದೇಹಕ್ಕೆ ಉತ್ತರವಿತ್ತವನು ಇಸಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್ ಎಂಬ ಇಂಗ್ಲಿಷ್ ಶಿಲ್ಪಿ. ಹಡಗಿನ ಅಳತೆಗಳು ಇಮ್ಮಡಿಯಾದರೆ ನೀರಿನ ತಡೆ ಸುಮಾರು ನಾಲ್ಮಡಿಯಾಗುತ್ತದೆ, ಒಳಗೆ ಹಿಡಿಯುವ ಭಾರವಾದರೋ ಎಂಟುಮಡಿಯಾಗುತ್ತದೆ. ಆದುದರಿಂದ ಹಡಗು ದೊಡ್ಡದಾದಷ್ಟೂ ಇದ್ದಲಿನ ತೊಂದರೆ ಕಡಮೆಯಾಗುತ್ತದೆ ಎಂಬುದು ಅವನ ವಾದದ ತಿರುಳು. ಮುಂದಿನ ನೂರು ವರ್ಷಗಳ ಮಹಾನೌಕೆಗಳೆಲ್ಲ ಈ ಒಂದು ಸೂತ್ರದ ಮೇಲೆ ಬೆಳೆದುವೆಂದರೆ ಅತಿಶಯೋಕ್ತಿಯಲ್ಲ. ಅವನ ‘ಗ್ರೇಟ್ ವೆಸ್ಟರ್ನ್’ ೧೮೩೮ನೆಯ ಏಪ್ರಿಲಿನಲ್ಲಿ ಬ್ರಿಸ್ಟಲಿನಿಂದ ಹೊರಟು ೧೫ ದಿನಗಳಲ್ಲಿ ನ್ಯೂಯಾರ್ಕನ್ನು ಮುಟ್ಟಿತು. ಅದಕ್ಕೆ ಕೆಲವು ಗಂಟೆಗಳ ಮುಂಚೆ ‘ಸಿರಿಯಸ್’ ಎಂಬ ಚಿಕ್ಕ ಉಗಿಹಡಗು ಐರ್ಲೆಂಡಿನ ಕಾರ್ಕ್ ರೇವಿನಿಂದ ಬಂದು ಸೇರಿತ್ತು. ಮೊದಲು ಸೇರಿದ ಕೀರ್ತಿ ಚಿಕ್ಕದಕ್ಕೆ ಸಂದಿತು. ಆದರೆ ದೊಡ್ಡ ಹಡಗಿನಲ್ಲಿ ಇನ್ನೂ ಸುಮಾರು ೨೦೦ ಟನ್ ಇದ್ದಲು ಉಳಿದಿದ್ದುದರಿಂದ ವಾದದಲ್ಲಿ ಗೆದ್ದುದು ದೊಡ್ಡದೇ.

ಈ ಮೊದಲ ಯಾತ್ರೆಯಲ್ಲಿ ‘ಗ್ರೇಟ್ ವೆಸ್ಟರ್ನ್’ ಹೊತ್ತುತಂದ ಪ್ರಯಾಣಿಕರು ೭ ಮಂದಿ ಮಾತ್ರ. ಯಂತ್ರಸಾಮರ್ಥ್ಯವಿದ್ದರೂ ವರ್ಷವಿಡೀ ಖರ್ಚನ್ನು ತೂಗಿಸುವ ಆದಾಯವೆಲ್ಲಿಯದು ಎಂಬ ಪ್ರಶ್ನೆ ಉಳಿದಿತ್ತು. ನೋವಾ ಸ್ಕೋಷಿಯದ ಹ್ಯಾಲಿಫ್ಯಾಕ್ಸ್ ಪಟ್ಟಣದ ವರ್ತಕನಾದ ಸ್ಯಾಮ್ಯುಯೆಲ್ ಕ್ಯೂನಾರ್ಡನು ಅದಕ್ಕೆ ಉತ್ತರವನ್ನು ಕಂಡುಕೊಂಡನು. ಬ್ರಿಟಿಷ್ ಸರ್ಕಾರದ ಅಂಚೆಯನ್ನು ಗೊತ್ತಾದ ದಿನಗಳಲ್ಲಿ ಅಮೆರಿಕಕ್ಕೆ ಮುಟ್ಟಿಸುವ ಕರಾರಿಗೆ ೧೮೩೯ರಲ್ಲಿ ಅವನು ಸಹಿಮಾಡಿದನು; ಸರ್ಕಾರವು ವರ್ಷಕ್ಕೆ ಐವತ್ತರವತ್ತು ಸಾವಿರ ಪೌಂಡುಗಳನ್ನು ಕೊಡಲೊಪ್ಪಿತು. ೧೮೪೦ನೆಯ ಜುಲೈ ೪ರಂದು ಅವನ ‘ಬ್ರಿಟಾನಿಯ’ ಲಿವರ್‌ಪೂಲಿನಿಂದ ಹೊರಟಿತು. ೧೮೪೨ರ ಜನವರಿಯಲ್ಲಿ ಇದೇ ಹಡಗಿನಲ್ಲಿ ಅಮೆರಿಕಕ್ಕೆ ಹೋದ ಚಾರ್ಲ್ಸ್ ಡಿಕನ್ಸನು ತನ್ನ ಕೋಣೆಯ ಇಕ್ಕಟ್ಟನ್ನೂ ಸಮುದ್ರದ ಹೊಡೆತವನ್ನೂ ತನ್ನ ಅಮೆರಿಕದ ಪ್ರವಾಸಗ್ರಂಥದಲ್ಲಿ ಹಾಸ್ಯವಾಗಿ ಬಣ್ಣಿಸಿದ್ದಾನೆ. ಹಿಂದಿರುಗುವಾಗ ಅವನು ಉಗಿಯನ್ನು ಬಿಟ್ಟು ಹಾಯಿಹಡಗನ್ನೇ ಹಿಡಿದನು. ಕ್ಯೂನಾರ್ಡನಿಗೆ ಇದರಿಂದ ನಷ್ಟವೇನೂ ಆಗಲಿಲ್ಲ. ಅವನ ಹಡಗಿನ ಅನ್ನದಾತನು ಅಂಚೆಯ ಚೀಲ. ಆ ಚೀಲ ಹೊತ್ತಿಗೆ ಸರಿಯಾಗಿ ಹೊರಡುವುದೆಂದರೆ ವರ್ತಕರಿಗೆ ಎಷ್ಟು ಮುಖ್ಯವಾಗಿದ್ದಿತೆಂಬುದಕ್ಕೆ ಒಂದು ನಿದರ್ಶನವುಂಟು. ೧೮೪೪ರ ಫೆಬ್ರವರಿಯಲ್ಲಿ ಬಾಸ್ಟನ್ ರೇವು ಹೆಪ್ಪುಗಟ್ಟಿ ‘ಬ್ರಿಟಾನಿಯ’ ಸಿಕ್ಕಿಕೊಂಡಾಗ, ಆ ಪಟ್ಟಣದ ವರ್ತಕರು ತಮ್ಮ ಕೈಯಿಂದ ಹಣ ಹಾಕಿ ಮಂಜುಗಡ್ಡೆಯನ್ನು ಕೊಯ್ಯಿಸಿ ಹಡಗಿಗೆ ಕಾಲುವೆ ಬಿಡಿಸಿಕೊಟ್ಟರು.

ಅಮೆರಿಕದ ಸರ್ಕಾರವೂ ಹಿಂದುಳಿಯಲೊಲ್ಲದೆ ಎಡ್ವರ್ಡ್ ಕಾಲಿನ್ಸನ ಸಾಲಿಗೆ ಸಹಾಯಧನ ಕೊಟ್ಟಿತು. ೧೮೫೦ರಿಂದ ಓಡತೊಡಗಿದ ಕಾಲಿನ್ಸನ ಹಡಗುಗಳು ವೇಗದಲ್ಲಿಯೂ ಸೌಖ್ಯದಲ್ಲಿಯೂ ಕ್ಯೂನಾರ್ಡನವನ್ನು ಮೀರಿಸಿದುವು. ಆದರೆ ೧೮೫೪ನೆಯ ಸೆಪ್ಟೆಂಬರ್ ೨೭ರಂದು ಅವನ ‘ಆರ್ಕ್ಟಿಕ್’ ಮಬ್ಬಿನಲ್ಲಿ ಮತ್ತೊಂದು ಹಡಗಿಗೆ ತಗುಲಿ ಮುಳುಗಿತು. ಸುಮಾರು ೪೦೦ ಜನರಿದ್ದ ಆ ಹಡಗಿನಲ್ಲಿ ಇದ್ದ ದೋಣಿಗಳು ೬. ಬದುಕಿ ಬಂದವರಲ್ಲಿ ಒಬ್ಬಳಾದರೂ ಹೆಂಗಸಿರಲಿಲ್ಲ, ಒಂದಾದರೂ ಮಗುವಿರಲಿಲ್ಲ; ಸತ್ತವರಲ್ಲಿ ಕಾಲಿನ್ಸನ ಹೆಂಡತಿಯೂ ಇಬ್ಬರು ಮಕ್ಕಳೂ ಇದ್ದರು. ೧೮೫೬ರಲ್ಲಿ ಅವನ ‘ಪೆಸಿಫಿಕ್’ ಕಾಣದೆಹೋಯಿತು. ಸಹಾಯಧನ ಇಳಿದ ಕೂಡಲೆ, ೧೮೫೮ರಲ್ಲಿ, ಸಾಲೇ ನಿಂತುಹೋಯಿತು. ಸರ್ಕಾರದ ಹಣದ ಮೇಲೆ ನಿಂತ ವೈಭವದ ಆಯುಸ್ಸು ಎಷ್ಟೆಂಬುದು ಆಗಲೇ ತಿಳಿದಂತಾಯಿತು. ‘ಆರ್ಕ್ಟಿಕ್’ ಕಲಿಸಿದ ದೋಣಿಗಳ ಪಾಠವನ್ನು ಮಾತ್ರ ಯಾರೂ ಕಲಿಯಲಿಲ್ಲ.

೩

ಎರಡನೆಯ ಪೋಷಕನು ವಲಸೆಗಾರ. ಹಾಯಿಹಡಗುಗಳ ಕಾಲದಲ್ಲಿ ಕೆನಡದಿಂದ ಬ್ರಿಟನ್ನಿಗೆ ಮರವನ್ನು ತಂದಿಳಿಸಿದ ಹಡಗುಗಳು ಬರಿದೇ ಹಿಂದಿರುಗುವುದಕ್ಕೆ ಬದಲಾಗಿ, ಮರವಿದ್ದ ಸ್ಥಳದಲ್ಲಿ ಹಲಗೆಯ ಮಲಗುಗಟ್ಟೆಗಳನ್ನು ಹೊಡೆದು ಬಡಜನರನ್ನು ತುಂಬಿಕೊಂಡು ಹೋಗುತ್ತಿದ್ದುವು. ಐರ್ಲೆಂಡಿನ ಆಲೂಗೆಡ್ಡೆಯ ಬೆಳೆ ಕೊಳೆತು ಕ್ಷಾಮ ಬಂದಾಗ ಇಂಥ ಹಡಗುಗಳಿಗೆ ಮುಗಿಬಿದ್ದ ಜನರಿಗೆ ಮಿತಿಯಿರಲಿಲ್ಲ. ೧೮೪೭ನೆಯ ವರ್ಷ ಒಂದರಲ್ಲಿಯೇ ಕೆನಡದ ಕ್ವಿಬೆಕ್ಕಿನ ಬಳಿಯ ಗ್ರೋಸ್ ಈಲ್ ದ್ವೀಪದಲ್ಲಿ ಜ್ವರದಿಂದ ಸತ್ತ ೫,೦೦೦ಕ್ಕೂ ಮೇಲ್ಪಟ್ಟ ವಲಸೆಗಾರರನ್ನು ಹೂಳಲಾಯಿತು. ಜನರು ಆ ಹಡಗುಗಳನ್ನು ಶವಪೆಟ್ಟಿಗೆಗಳೆಂದು ಕರೆದುದರಲ್ಲಿ ಆಶ್ಚರ್ಯವಿಲ್ಲ.

ಅಂಚೆಯ ಸಾಲುಗಳು ಮೊದಮೊದಲು ಈ ಜನರನ್ನು ಹತ್ತಿರ ಸೇರಿಸಲಿಲ್ಲ. ಉಗಿಹಡಗಿನಲ್ಲಿ ಬಡವರನ್ನು ಕರೆದೊಯ್ದೂ ಲಾಭ ಪಡೆಯಬಹುದೆಂದು ತೋರಿಸಿದವನು ಲಿವರ್‌ಪೂಲಿನ ವಿಲಿಯಂ ಇನ್ಮನ್. ಕಬ್ಬಿಣದ ಒಡಲು, ಪಕ್ಕದ ಚಕ್ರಗಳ ಬದಲಾಗಿ ಹಿಂಬದಿಯಲ್ಲಿ ನೀರನ್ನು ನೂಕುವ ತಿರುಪು ಇವುಗಳಿಂದ ಒಳಗಿನ ಸ್ಥಳ ಹೆಚ್ಚಿತು, ಇದ್ದಲಿನ ಖರ್ಚು ತಗ್ಗಿತು. ಆರು ವಾರದ ನರಕ ಎರಡು ವಾರದ ಕಷ್ಟವಾಯಿತು. ೧೮೬೦ರ ದಶಕ ಮುಗಿಯುವುದರೊಳಗೆ ವಲಸೆಗಾರರಲ್ಲಿ ಬಹುಭಾಗ ಉಗಿಹಡಗುಗಳನ್ನೇ ಹಿಡಿಯುತ್ತಿದ್ದರು. ಕ್ಯೂನಾರ್ಡ್ ಮೊದಲಾದ ಸಾಲುಗಳೂ ಕೆಳದರ್ಜೆಯನ್ನು ತೆರೆದುವು.

ಈ ವ್ಯಾಪಾರದ ಗುಟ್ಟು ಸರಳವಾದುದು. ಮೇಲಣ ದರ್ಜೆಯ ಒಬ್ಬ ಪ್ರಯಾಣಿಕನು ಹೆಚ್ಚು ಹಣ ಕೊಟ್ಟರೂ ಅವನಿಗೆ ದೊಡ್ಡ ಕೋಣೆ ಬೇಕು, ಬಗೆಬಗೆಯ ಭಕ್ಷ್ಯಗಳು ಬೇಕು, ಸೇವಕರು ಬೇಕು. ಕೆಳದರ್ಜೆಯವನು ಕೊಡುವುದು ಆರೇಳು ಪೌಂಡುಗಳಾದರೂ ಅವನು ಕೇಳುವುದು ಒಂದು ಮಲಗುಗಟ್ಟೆ, ಸಾಧಾರಣವಾದ ಊಟ. ಅಂಥವರು ಸಾವಿರಗಟ್ಟಲೆ ಬಂದಾಗ ಹಡಗಿನ ಯಾತ್ರೆ ಲಾಭದಾಯಕವಾಗುತ್ತಿತ್ತು. ಜರ್ಮನಿಯ ಹ್ಯಾಂಬರ್ಗ್-ಅಮೆರಿಕ ಸಾಲಿನ ಮುಖ್ಯಾಧಿಕಾರಿ ಆಲ್ಬರ್ಟ್ ಬಾಲಿನನು ಇದನ್ನು ಚೆನ್ನಾಗಿ ಅರಿತಿದ್ದನು. ರಷ್ಯ, ಪೋಲೆಂಡು, ಆಸ್ಟ್ರಿಯ-ಹಂಗೇರಿಗಳಿಂದ ಬರುವವರಿಗಾಗಿ ಅವನು ಹ್ಯಾಂಬರ್ಗಿನ ಫೆಡ್ಡೆಲ್ ಎಂಬಲ್ಲಿ ಮಲಗುಮನೆ, ಅಡಿಗೆಮನೆ, ವೈದ್ಯಶಾಲೆ, ಪ್ರಾರ್ಥನಾಮಂದಿರಗಳಿಂದ ಕೂಡಿದ ಒಂದು ಊರನ್ನೇ ಕಟ್ಟಿಸಿ ೧೯೦೧ರಲ್ಲಿ ತೆರೆದನು. ಇದರಲ್ಲಿ ದಯೆಯ ಜೊತೆಗೆ ಲೆಕ್ಕವೂ ಇದ್ದಿತು. ಏಕೆಂದರೆ ರೋಗಿಯೆಂದೋ ನಿರ್ಗತಿಕನೆಂದೋ ಅಮೆರಿಕದಲ್ಲಿ ತಿರಸ್ಕೃತನಾದವನನ್ನು ತನ್ನ ಖರ್ಚಿನಲ್ಲಿಯೇ ಹಿಂದಕ್ಕೆ ಕರೆತರುವ ಹೊಣೆ ೧೮೯೧ರ ಶಾಸನದಂತೆ ಹಡಗಿನ ಸಾಲಿನದಾಗಿದ್ದಿತು.

೧೮೯೨ರಲ್ಲಿ ತೆರೆದ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಈ ಭೇದ ಕಣ್ಣಿಗೆ ಕಟ್ಟುವಂತಿತ್ತು. ಮೊದಲ ಹಾಗೂ ಎರಡನೆಯ ದರ್ಜೆಯವರನ್ನು ಹಡಗಿನಲ್ಲಿಯೇ ಕಂಡು ಮಾತನಾಡಿಸಿ ಬಿಟ್ಟುಬಿಡುತ್ತಿದ್ದರು. ಕೆಳದರ್ಜೆಯವರನ್ನು ಬೇರೆ ದೋಣಿಗಳಲ್ಲಿ ದ್ವೀಪಕ್ಕೆ ಸಾಗಿಸಿ, ಸಾಲುನಿಲ್ಲಿಸಿ, ಕಣ್ಣುರೆಪ್ಪೆಗಳನ್ನು ಮಗುಚಿ ಪರೀಕ್ಷಿಸುತ್ತಿದ್ದರು. ೧೯೦೭ನೆಯ ಒಂದೇ ವರ್ಷದಲ್ಲಿ ಅಮೆರಿಕ ಸಂಯುಕ್ತಸಂಸ್ಥಾನಕ್ಕೆ ೧೨,೮೫,೩೪೯ ವಲಸೆಗಾರರು ಬಂದರು. ಅದೇ ವರ್ಷ ಕ್ಯೂನಾರ್ಡ್ ಸಾಲಿನ ಅತ್ಯಂತ ದೊಡ್ಡ ಹಡಗುಗಳೆರಡು ಮೊದಲ ಯಾತ್ರೆಗೆ ಹೊರಟುವೆಂಬುದು ಕೇವಲ ಕಾಕತಾಳೀಯವಲ್ಲ.

೪

ಆ ಎರಡು ಹಡಗುಗಳು ‘ಲುಸಿಟೇನಿಯ’, ‘ಮಾರಿಟೇನಿಯ’. ಇವುಗಳ ಹಿಂದೆ ಮೂರನೆಯ ಪೋಷಕನಾದ ರಾಜ್ಯವು ನಿಂತಿದ್ದಿತು. ೧೮೯೭ರಿಂದ ಜರ್ಮನಿಯ ಹಡಗುಗಳು ವೇಗದ ಕೀರ್ತಿಯನ್ನು ಅಪಹರಿಸಿದ್ದುವು. ೧೯೦೨ರಲ್ಲಿ ಅಮೆರಿಕದ ಧನಿಕ ಜೆ. ಪಿ. ಮಾರ್ಗನ್ನನು ಹಲವು ಬ್ರಿಟಿಷ್ ಸಾಲುಗಳನ್ನು ಕೊಂಡು ಒಂದು ಮಹಾಸಂಘವನ್ನು ಕಟ್ಟಿದನು. ಕ್ಯೂನಾರ್ಡ್ ಸಹ ಕೈಬಿಡುವುದೆಂಬ ಭೀತಿಯಿಂದ ಬ್ರಿಟಿಷ್ ಸರ್ಕಾರವು ಹಡಗುಗಳ ನಿರ್ಮಾಣಕ್ಕೆ ೨೬ ಲಕ್ಷ ಪೌಂಡುಗಳನ್ನು ಕಡಮೆ ಬಡ್ಡಿಯ ಸಾಲವಾಗಿ ಕೊಟ್ಟಿತು; ವರ್ಷಕ್ಕೆ ೧,೫೦,೦೦೦ ಪೌಂಡುಗಳ ಸಹಾಯಧನವನ್ನೂ ಗೊತ್ತುಮಾಡಿತು. ಯುದ್ಧ ಬಂದರೆ ಹಡಗುಗಳು ಸರ್ಕಾರದ ವಶಕ್ಕೆ ಬರಬೇಕೆಂಬುದು ಕರಾರು. ಚಾರ್ಲ್ಸ್ ಪಾರ್ಸನ್ಸನ ಉಗಿ ಟರ್ಬೈನುಗಳನ್ನು ಅಳವಡಿಸಿಕೊಂಡ ‘ಮಾರಿಟೇನಿಯ’ ಇಪ್ಪತ್ತು ವರ್ಷ ವೇಗದಲ್ಲಿ ಅಜೇಯವಾಗಿ ಉಳಿಯಿತು.

ಈ ವೇಗದ ಬೆಲೆಯನ್ನು ತೆತ್ತವರು ಹಡಗಿನ ತಳದಲ್ಲಿದ್ದರು. ದಿನಕ್ಕೆ ಸುಮಾರು ೧,೦೦೦ ಟನ್ ಇದ್ದಲು ಬೇಕಾಗುತ್ತಿತ್ತು. ಅದನ್ನು ಉಗ್ರಾಣದಿಂದ ತಳ್ಳುಗಾಡಿಗಳಲ್ಲಿ ತರುವವರು, ಕುಲುಮೆಗೆ ಎಸೆಯುವವರು, ಬೂದಿಯನ್ನು ಕೆದಕುವವರು ಸೇರಿ ಮುನ್ನೂರರಷ್ಟು ಜನರು, ನಾಲ್ಕು ಗಂಟೆಗಳ ಪಾಳಿಯಂತೆ ಹಗಲಿರುಳು ಬೆಂಕಿಯ ಮುಂದೆ ದುಡಿಯುತ್ತಿದ್ದರು. ಮೇಲಿನ ಭೋಜನಶಾಲೆಯ ಸಂಗೀತ ಅವರಿಗೆ ಕೇಳಿಸುತ್ತಿರಲಿಲ್ಲ. ಅವರ ಮುಖವನ್ನು ಮೇಲಿನವರು ಕಾಣುತ್ತಲೂ ಇರಲಿಲ್ಲ. ೧೯೨೦ರ ದಶಕದಲ್ಲಿ ಇದ್ದಲಿಗೆ ಬದಲಾಗಿ ಎಣ್ಣೆಯನ್ನು ಉರಿಸತೊಡಗಿದಾಗ ಈ ಕಷ್ಟ ನೀಗಿತು. ಅದರೊಡನೆ ನೂರಾರು ಜನರ ಜೀವನೋಪಾಯವೂ ನೀಗಿತು.

೧೯೧೨ನೆಯ ಏಪ್ರಿಲ್ ೧೪ರ ರಾತ್ರಿ ವೈಟ್ ಸ್ಟಾರ್ ಸಾಲಿನ ‘ಟೈಟಾನಿಕ್’ ಮಂಜಿನ ಬೆಟ್ಟಕ್ಕೆ ತಗುಲಿ, ಎರಡು ಗಂಟೆ ನಲವತ್ತು ನಿಮಿಷಗಳಲ್ಲಿ ಮುಳುಗಿದ ಕಥೆ ಎಲ್ಲರಿಗೂ ತಿಳಿದುದೇ. ಸುಮಾರು ೨,೨೦೦ ಜನರಿದ್ದ ಹಡಗಿನಲ್ಲಿ ದೋಣಿಗಳು ೨೦. ಅವುಗಳಲ್ಲಿ ಹಿಡಿಸುವವರು ೧,೧೭೮. ಇದು ಶಾಸನಕ್ಕೆ ವಿರುದ್ಧವಾಗಿರಲಿಲ್ಲವೆಂಬುದೇ ವಿಚಾರಾರ್ಹವಾದ ಸಂಗತಿ. ಬ್ರಿಟಿಷ್ ವಾಣಿಜ್ಯ ಇಲಾಖೆಯ ನಿಯಮಗಳು ೧೮೯೪ರ ಕಾಲದವು. ೧೦,೦೦೦ ಟನ್ನಿಗೆ ಮೇಲ್ಪಟ್ಟ ಹಡಗುಗಳನ್ನೆಲ್ಲ ಅವು ಒಂದೇ ವರ್ಗದಲ್ಲಿ ಸೇರಿಸಿದ್ದುವು. ‘ಟೈಟಾನಿಕ್’ ೪೬,೦೦೦ ಟನ್ನಿಗೂ ಮೇಲ್ಪಟ್ಟುದು. ಸತ್ತವರು ಸುಮಾರು ೧,೫೦೦. ಮೊದಲ ದರ್ಜೆಯವರಲ್ಲಿ ಐದರಲ್ಲಿ ಮೂರು ಪಾಲು ಬದುಕಿದರೆ, ಮೂರನೆಯ ದರ್ಜೆಯವರಲ್ಲಿ ಉಳಿದುದು ಸುಮಾರು ಕಾಲುಭಾಗ. ಹಡಗಿನ ಕೆಲಸಗಾರರಲ್ಲಿಯೂ ಹಾಗೆಯೇ. ಹಡಗನ್ನು ಸಾಕಿದವರೂ ಓಡಿಸಿದವರೂ ಹೆಚ್ಚಾಗಿ ಸತ್ತರು. ೧೯೧೪ರಲ್ಲಿ ಲಂಡನಿನಲ್ಲಿ ಅನೇಕ ರಾಷ್ಟ್ರಗಳು ಒಪ್ಪಿಕೊಂಡ ಕರಾರು, ಹಡಗಿನಲ್ಲಿರುವ ಪ್ರತಿಯೊಬ್ಬನಿಗೂ ದೋಣಿಯಲ್ಲಿ ಸ್ಥಳವಿರಬೇಕೆಂದು ವಿಧಿಸಿತು. ‘ಆರ್ಕ್ಟಿಕ್’ ಮುಳುಗಿದ ಮೇಲೆ ಈ ಮಾತನ್ನು ಬರೆಯಲು ಅರವತ್ತು ವರ್ಷ ಹಿಡಿಯಿತು.

೫

ಮೊದಲನೆಯ ಮಹಾಯುದ್ಧದಲ್ಲಿ ‘ಲುಸಿಟೇನಿಯ’ ೧೯೧೫ನೆಯ ಮೇ ೭ರಂದು ಜರ್ಮನರ ಜಲಾಂತರ್ಗಾಮಿ ನೌಕೆಗೆ ಬಲಿಯಾಯಿತು. ಸುಮಾರು ೧,೨೦೦ ಜನ ಸತ್ತರು. ಅನೇಕ ಹಡಗುಗಳು ನಷ್ಟವಾದುವು. ಆದರೂ ಈ ಸಾಲುಗಳಿಗೆ ಬಿದ್ದ ನಿಜವಾದ ಪೆಟ್ಟು ಯುದ್ಧದ್ದಲ್ಲ, ಶಾಸನದ್ದು. ೧೯೧೭ರ ಶಾಸನವು ಭಾರತವನ್ನೊಳಗೊಂಡ ಏಷ್ಯದ ಬಹುಭಾಗವನ್ನು ಅಮೆರಿಕದ ವಲಸೆಗೆ ನಿಷಿದ್ಧವಲಯವೆಂದು ಹೆಸರಿಸಿತ್ತು. ೧೯೨೧ ಮತ್ತು ೧೯೨೪ರ ಶಾಸನಗಳು ಯೂರೋಪಿನ ಒಂದೊಂದು ದೇಶಕ್ಕೂ ಅಂಕೆಯಿಟ್ಟುವು. ೧೯೨೪ರ ನಿಯಮದಂತೆ ಈ ಅಂಕೆಗೆ ಒಳಗಾಗಿ ವರ್ಷಕ್ಕೆ ಬರಬಹುದಾದವರು ಸುಮಾರು ೧,೬೫,೦೦೦. ೧೯೦೭ರಲ್ಲಿ ಬಂದವರ ಎಂಟರಲ್ಲಿ ಒಂದು ಪಾಲು. ಹಡಗಿನ ಕೆಳಗಣ ಅಂತಸ್ತುಗಳು ಬರಿದಾದುವು.

ಬರಿದಾದ ಸ್ಥಳವನ್ನು ತುಂಬಲು ಎರಡು ಉಪಾಯಗಳನ್ನು ಹೂಡಿದರು. ಮೊದಲನೆಯದು, ಕೆಳದರ್ಜೆಯನ್ನು ಸ್ವಚ್ಛಗೊಳಿಸಿ, ಚಿಕ್ಕ ಕೋಣೆಗಳನ್ನಾಗಿ ಮಾಡಿ, ‘ಪ್ರವಾಸಿಗರ ಮೂರನೆಯ ದರ್ಜೆ’ ಎಂಬ ಹೆಸರನ್ನಿಟ್ಟುದು. ಬೇಸಗೆಯ ರಜೆಯಲ್ಲಿ ಯೂರೋಪನ್ನು ನೋಡಬಯಸಿದ ಅಮೆರಿಕದ ವಿದ್ಯಾರ್ಥಿಗಳೂ ಉಪಾಧ್ಯಾಯರೂ ಅದನ್ನು ತುಂಬಿದರು. ತಂದೆಯು ಪಶ್ಚಿಮಕ್ಕೆ ಬಂದ ಅಂತಸ್ತಿನಲ್ಲಿಯೇ ಮಗನು ಪೂರ್ವಕ್ಕೆ ವಿನೋದಯಾತ್ರೆ ಹೋದುದೂ ಉಂಟು.

ಎರಡನೆಯ ಉಪಾಯವು ವಿಹಾರಯಾತ್ರೆ. ಇದು ಹೊಸದಾಗಿ ಹುಟ್ಟಿದುದಲ್ಲ. ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಯು ೧೮೪೪ರಲ್ಲಿಯೇ ಪಿ. ಅಂಡ್ ಓ. ಸಾಲಿನ ಹಡಗುಗಳಲ್ಲಿ ಮೆಡಿಟರೇನಿಯನ್ ತೀರದ ಪಟ್ಟಣಗಳನ್ನು ಸುತ್ತಿ ಪ್ರವಾಸಗ್ರಂಥವನ್ನು ಬರೆದಿದ್ದನು. ಚಳಿಗಾಲದ ಅಟ್ಲಾಂಟಿಕ್ಕಿಗೆ ಪ್ರಯಾಣಿಕರು ಬಾರದೆ ಹಡಗುಗಳು ರೇವಿನಲ್ಲಿ ಸುಮ್ಮನೆ ನಿಂತಿರುವುದನ್ನು ಕಂಡ ಬಾಲಿನನು, ೧೮೯೧ನೆಯ ಜನವರಿಯಲ್ಲಿ ‘ಆಗಸ್ಟ ವಿಕ್ಟೋರಿಯ’ವನ್ನು ೨೪೧ ಮಂದಿಯೊಡನೆ ಮೆಡಿಟರೇನಿಯನ್ನಿನ ವಿಹಾರಕ್ಕೆ ಕಳುಹಿಸಿದನು. ವಿಹಾರಕ್ಕೆಂದೇ ಕಟ್ಟಿದ ಅವನ ‘ಪ್ರಿನ್ಸೆಸ್ಸಿನ್ ವಿಕ್ಟೋರಿಯ ಲೂಯಿಸೆ’ ೧೯೦೦ರಲ್ಲಿ ನೀರಿಗಿಳಿದು, ೧೯೦೬ರಲ್ಲಿ ಜಮೈಕದ ಬಳಿ ಒಡೆದುಹೋಯಿತು. ಹೀಗೆ ಚಳಿಗಾಲದ ಉಪಕಸಬಾಗಿದ್ದುದು ೧೯೨೦ರ ಅನಂತರ ಹೊಟ್ಟೆಪಾಡಾಯಿತು. ಅಮೆರಿಕದಲ್ಲಿ ಆಗ ಮದ್ಯ ನಿಷಿದ್ಧವಾಗಿದ್ದುದೂ ಇದಕ್ಕೆ ನೆರವಾಯಿತು. ೧೯೨೨ರಲ್ಲಿ ‘ರಿಲಯನ್ಸ್’, ‘ರೆಸಲ್ಯೂಟ್’ ಎಂಬ ಅಮೆರಿಕದ ಹಡಗುಗಳೆರಡು ಮದ್ಯವನ್ನು ಬಡಿಸುವುದಕ್ಕಾಗಿ ಪನಾಮದ ಧ್ವಜವನ್ನೇರಿಸಿಕೊಂಡುವು. ವೇಗದ ರಾಣಿಯೆನಿಸಿದ್ದ ‘ಮಾರಿಟೇನಿಯ’ವೂ ಕೊನೆಯಲ್ಲಿ ಬಿಳಿಯ ಬಣ್ಣ ಬಳಿಸಿಕೊಂಡು ಬೆಚ್ಚನೆಯ ಕಡಲುಗಳಲ್ಲಿ ಅಲೆದು, ೧೯೩೫ರಲ್ಲಿ ಒಡೆಯುವವರ ಕೈಗೆ ಹೋಯಿತು.

ರಾಜ್ಯವು ಮಾತ್ರ ಪೋಷಣೆಯನ್ನು ಬಿಡಲಿಲ್ಲ. ೧೯೩೧ರ ಡಿಸೆಂಬರಿನಲ್ಲಿ ಹಣವಿಲ್ಲದೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ನಿಂತುಹೋದ ಒಂದು ದೊಡ್ಡ ಹಡಗಿನ ಕೆಲಸ, ಸರ್ಕಾರವು ೯೫ ಲಕ್ಷ ಪೌಂಡುಗಳ ಸಾಲವನ್ನು ಮಂಜೂರು ಮಾಡಿ, ಕ್ಯೂನಾರ್ಡ್ ಮತ್ತು ವೈಟ್ ಸ್ಟಾರ್ ಸಾಲುಗಳನ್ನು ಒಂದುಗೂಡಿಸಿದ ಮೇಲೆ, ೧೯೩೪ರ ಏಪ್ರಿಲಿನಲ್ಲಿ ಮತ್ತೆ ಮೊದಲಾಯಿತು. ಅದೇ ‘ಕ್ವೀನ್ ಮೇರಿ’. ಫ್ರಾನ್ಸಿನ ‘ನಾರ್ಮಂಡಿ’ಯೂ ಸರ್ಕಾರದ ಹಣದಿಂದಲೇ ಎದ್ದು ೧೯೩೫ರಲ್ಲಿ ಯಾತ್ರೆ ಹೊರಟಿತು.

ಮುಚ್ಚಿದ ಬಾಗಿಲಿನ ಪರಿಣಾಮವನ್ನು ತಿಳಿಯಲು ಇನ್ನೊಂದು ಹಡಗಿನ ಕಡೆಗೆ ನೋಡಬೇಕು. ೧೯೩೯ನೆಯ ಮೇ ೧೩ರಂದು ಬಾಲಿನನ ಸಾಲಿಗೇ ಸೇರಿದ ‘ಸೇಂಟ್ ಲೂಯಿಸ್’ ೯೩೭ ಪ್ರಯಾಣಿಕರೊಡನೆ ಹ್ಯಾಂಬರ್ಗಿನಿಂದ ಹೊರಟಿತು. ಬಹುತೇಕ ಎಲ್ಲರೂ ಹಿಟ್ಲರನ ಆಳ್ವಿಕೆಯಿಂದ ತಪ್ಪಿಸಿಕೊಂಡು ಹೊರಟ ಯೆಹೂದ್ಯರು. ಕ್ಯೂಬದ ಹವಾನ ರೇವಿನಲ್ಲಿ ೨೮ ಜನರಿಗೆ ಮಾತ್ರ ಇಳಿಯಲು ಅಪ್ಪಣೆಯಾಯಿತು. ಫ್ಲಾರಿಡದ ದೀಪಗಳು ಕಾಣುವಷ್ಟು ಹತ್ತಿರಕ್ಕೆ ಹೋದರೂ ಅಮೆರಿಕವು ಸೇರಿಸಲಿಲ್ಲ. ೧೯೨೪ರ ಅಂಕೆ ಅಡ್ಡಬಂದಿತು. ಹಡಗು ಯೂರೋಪಿಗೆ ಹಿಂದಿರುಗಿತು. ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ಹಾಲೆಂಡುಗಳು ಅವರನ್ನು ಹಂಚಿಕೊಂಡುವು. ಮುಂದಿನ ವರ್ಷ ಆ ದೇಶಗಳಲ್ಲಿ ಮೂರು ಜರ್ಮನಿಯ ವಶವಾದುವು. ಆ ಪ್ರಯಾಣಿಕರಲ್ಲಿ ೨೫೪ ಮಂದಿ ನಾತ್ಸಿಗಳ ಹತ್ಯೆಗೆ ಬಲಿಯಾದರು. ಮೂವತ್ತು ವರ್ಷಗಳ ಹಿಂದೆ ಯಾವ ಪ್ರಯಾಣಿಕನಿಗಾಗಿ ಹಡಗುಗಳು ಪೈಪೋಟಿ ನಡೆಸಿದ್ದುವೋ ಅವನನ್ನು ಇಳಿಸಲು ಈಗ ಒಂದು ರೇವೂ ಇಲ್ಲವಾಯಿತು.

೬

ಎರಡನೆಯ ಮಹಾಯುದ್ಧದಲ್ಲಿ ಮಹಾನೌಕೆಗಳು ಸೈನ್ಯವನ್ನು ಹೊತ್ತುವು. ೧೯೪೩ರ ಜುಲೈಯ ಒಂದು ಯಾತ್ರೆಯಲ್ಲಿ ‘ಕ್ವೀನ್ ಮೇರಿ’ಯಲ್ಲಿದ್ದವರು ೧೬,೬೮೩. ‘ನಾರ್ಮಂಡಿ’ ೧೯೪೨ರಲ್ಲಿಯೇ ನ್ಯೂಯಾರ್ಕಿನ ರೇವಿನಲ್ಲಿ ಬೆಂಕಿಗೆ ತುತ್ತಾಗಿತ್ತು. ೧೯೫೨ರಲ್ಲಿ ‘ಯುನೈಟೆಡ್ ಸ್ಟೇಟ್ಸ್’ ಎಂಬ ಅಮೆರಿಕದ ಹಡಗು ೩ ದಿನ ೧೦ ಗಂಟೆ ೪೦ ನಿಮಿಷಗಳಲ್ಲಿ ಸಾಗರವನ್ನು ದಾಟಿ ವೇಗದ ಪರಮಾವಧಿಯನ್ನು ಮುಟ್ಟಿತು. ೧೯೫೮ರ ಅಕ್ಟೋಬರಿನಲ್ಲಿ ಜೆಟ್ ವಿಮಾನಗಳು ಅದೇ ದಾರಿಯನ್ನು ಗಂಟೆಗಳಲ್ಲಿ ದಾಟತೊಡಗಿದುವು. ಅಂಚೆಯೂ ಪ್ರಯಾಣಿಕರೂ ಆಕಾಶವನ್ನು ಹಿಡಿದರು. ೧೯೬೭ರಲ್ಲಿ ‘ಕ್ವೀನ್ ಮೇರಿ’ ನಿವೃತ್ತಿ ಹೊಂದಿತು. ೧೯೬೯ರಲ್ಲಿ ‘ಯುನೈಟೆಡ್ ಸ್ಟೇಟ್ಸ್’ ನಿಂತಿತು. ಫ್ರಾನ್ಸಿನ ಸರ್ಕಾರವು ಸಹಾಯಧನವನ್ನು ನಿಲ್ಲಿಸಿದೊಡನೆ ೧೯೭೪ರಲ್ಲಿ ‘ಫ್ರಾನ್ಸ್’ ಎಂಬ ಹಡಗೂ ನಿಂತಿತು. ಮೂವರು ಪೋಷಕರೂ ಹೀಗೆ ಕೈಬಿಟ್ಟರು.

ಉಳಿದುದು ವಿಹಾರವೊಂದೇ. ೧೯೬೬ರ ಡಿಸೆಂಬರಿನಲ್ಲಿ ‘ಸನ್‌ವರ್ಡ್’ ಮಯಾಮಿಯಿಂದ ಕೆರಿಬಿಯನ್ ಸಮುದ್ರಕ್ಕೆ ವಿಹಾರಯಾತ್ರೆಗಳನ್ನು ಮೊದಲುಮಾಡಿತು. ವಿಮಾನದಲ್ಲಿ ಬಂದಿಳಿದವರೇ ಈ ಹಡಗುಗಳ ಪ್ರಯಾಣಿಕರಾದರು. ನಿಯತನೌಕೆಗೂ ವಿಹಾರನೌಕೆಗೂ ಇರುವ ಭೇದವನ್ನು ‘ಫ್ರಾನ್ಸ್’ ತನ್ನ ಒಡಲಿನಲ್ಲಿಯೇ ತೋರಿಸಿತು. ೧೯೮೦ರಲ್ಲಿ ಅದು ‘ನಾರ್ವೆ’ ಎಂಬ ಹೆಸರಿನಿಂದ ವಿಹಾರಕ್ಕೆ ಇಳಿದಾಗ ಅದರ ಮುಂದಣ ಯಂತ್ರಶಾಲೆಯನ್ನು ನಿಲ್ಲಿಸಿಬಿಟ್ಟರು. ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋಗಬೇಕಾದ ನಿರ್ಬಂಧವಿಲ್ಲದ ಹಡಗಿಗೆ ವೇಗವೇಕೆ? ೨೦೨೪ರಲ್ಲಿ ಯಾತ್ರೆ ಹೊರಟ ‘ಐಕಾನ್ ಆಫ್ ದಿ ಸೀಸ್’ ಎಂಬುದು ೨,೪೮,೬೬೩ ಟನ್ನಿನ ಪ್ರಮಾಣದ್ದು. ‘ಟೈಟಾನಿಕ್ಕಿ’ನ ಐದರಷ್ಟಕ್ಕೂ ಮೀರಿದುದು. ಬ್ರೂನೆಲನ ಸೂತ್ರ ಇಂದಿಗೂ ನಡೆಯುತ್ತಿದೆ. ಆದರೆ ಇದ್ದಲಿನ ಸ್ಥಳದಲ್ಲಿ ಈಗ ಈಜುಕೊಳಗಳಿವೆ. ಹೊತ್ತಿಗೆ ಸರಿಯಾಗಿ ಅಟ್ಲಾಂಟಿಕ್ಕನ್ನು ದಾಟುವ ಹಳೆಯ ವ್ರತವನ್ನು ೨೦೦೪ರಲ್ಲಿ ಹೊರಟ ‘ಕ್ವೀನ್ ಮೇರಿ ೨’ ಒಂದೇ ಉಳಿಸಿಕೊಂಡು ಬಂದಿದೆ.

ವಿಹಾರನೌಕೆಯಲ್ಲಿ ಬಡವನಿಗೆ ಸ್ಥಳವಿಲ್ಲವೆನ್ನುವಂತಿಲ್ಲ. ಅವನು ಕೆಳದರ್ಜೆಯ ಪ್ರಯಾಣಿಕನಾಗಿದ್ದವನು ಈಗ ಸೇವಕನಾಗಿದ್ದಾನೆ. ಫಿಲಿಪೈನ್ಸ್, ಇಂಡೋನೇಷ್ಯ, ಭಾರತ ಮೊದಲಾದ ದೇಶಗಳ ಸಾವಿರಾರು ಯುವಕ ಯುವತಿಯರು, ನಮ್ಮ ಪಶ್ಚಿಮ ಕರಾವಳಿಯವರೂ ಸೇರಿ, ಆ ಹಡಗುಗಳ ಕೆಳಗಣ ಅಂತಸ್ತುಗಳಲ್ಲಿ ಮಲಗಿ ಮೇಲಣ ಅಂತಸ್ತುಗಳಲ್ಲಿ ದುಡಿದು ಮನೆಗೆ ಹಣ ಕಳುಹಿಸುತ್ತಾರೆ. ಹಡಗುಗಳಲ್ಲಿ ಬಹುಪಾಲು ಬಹಾಮಾ, ಪನಾಮ ಮುಂತಾದ ದೇಶಗಳ ಧ್ವಜವನ್ನು ಹಾರಿಸುವುದರಿಂದ ಈ ದುಡಿಮೆಗೆ ಅನ್ವಯಿಸುವ ಕಾನೂನು ಅವರ ದೇಶದ್ದೂ ಅಲ್ಲ, ಪ್ರಯಾಣಿಕರ ದೇಶದ್ದೂ ಅಲ್ಲ. ೧೯೨೨ರಲ್ಲಿ ಮದ್ಯಕ್ಕಾಗಿ ಏರಿಸಿದ ಧ್ವಜ ಹೀಗೆ ಬೇರೆಯ ಉಪಯೋಗಕ್ಕ�� ಬಂದಿತು.

ಒಟ್ಟಿನಲ್ಲಿ ಯಾತ್ರಾನೌಕೆಯ ಚರಿತ್ರೆಯನ್ನು ಬರೆಯುವವರು ಭೋಜನಶಾಲೆಯಿಂದ ಕೆಳಗಿಳಿಯದೆ ಆ ಚರಿತ್ರೆ ಪೂರ್ಣವಾಗುವಂತಿಲ್ಲ. ಅಂಚೆಯು ಹಡಗಿಗೆ ಹೊತ್ತನ್ನು ಕಲಿಸಿತು. ರಾಜ್ಯವು ವೇಗವನ್ನು ಕೊಟ್ಟಿತು. ವಲಸೆಗಾರನು ಅದಕ್ಕೆ ಹೋಗಲು ಒಂದು ಕಾರಣವನ್ನು ಕೊಟ್ಟನು. ಆ ಕಾರಣ ತಪ್ಪಿದ ದಿನ ಹಡಗು ಸುತ್ತಿ ಸುತ್ತಿ ಹೊರಟಲ್ಲಿಗೇ ಬರುವುದನ್ನು ಕಲಿಯಿತು.